ಇಪ್ಪತ್ನಾಲ್ಕು ವರ್ಷದ ಲೆಕ್ಕ: ವೇಲ್ಸ್‌ನ ರಾಬರ್ಟ್ ವೀಲ್ ಮತ್ತು ಹುಲ್ಲಿನ ಮೇಲೆ ಉರುಳುವ ಚೆಂಡು

ಪ್ರತಿ ತಿಂಗಳು ಈ ಪುಟದಲ್ಲಿ ನಾವು ತೆರಿಗೆ, ಪೇಸ್ಲಿಪ್, ಪೆನ್ಷನ್ ಅಂತ ನಿಮ್ಮ ತಲೆ ತಿಂತೀವಿ. ಈ ತಿಂಗಳು ಅದಕ್ಕೆಲ್ಲ ರಜೆ. ಈ ಸಲ ಒಂದು ಆಟದ ಬಗ್ಗೆ, ಒಬ್ಬ ಆಟಗಾರನ ಬಗ್ಗೆ ಬರೀತಿದ್ದೀವಿ. ಕ್ರಿಕೆಟ್ ಅಲ್ಲ, ಇಲ್ಲಿಯವರ ಪ್ರಾಣವಾದ ರಗ್ಬಿನೂ ಅಲ್ಲ. ನಾವು ಒಂಬತ್ತು ವರ್ಷ ದಿನಾ ಪಕ್ಕದಲ್ಲೇ ಹಾದು ಹೋದರೂ ಕಣ್ಣೆತ್ತಿ ನೋಡದೇ ಇದ್ದ ಆಟ, ಲಾನ್ ಬೌಲ್ಸ್.

ವೇಲ್ಸ್‌ನಲ್ಲಾಗಲಿ ಇಂಗ್ಲೆಂಡ್‌ನಲ್ಲಾಗಲಿ ಇರುವವರೆಲ್ಲ ಇದನ್ನ ನೋಡಿರ್ತೀರಿ. ಪಾರ್ಕಿನ ಒಂದು ಮೂಲೆಯಲ್ಲಿ ಬೇಲಿಗಿಡ, ಅದರ ಒಳಗೆ ಕಂಬಳಿ ಹಾಸಿದ ಹಾಗೆ ಕತ್ತರಿಸಿದ ಚೌಕಾಕಾರದ ಹುಲ್ಲು, ಅದರ ಮೇಲೆ ಬಿಳಿ ಬಟ್ಟೆ ತೊಟ್ಟ ಹಿರಿಯರು. ಒಬ್ಬರು ಬಗ್ಗಿ ಚೆಂಡು ಉರುಳಿಸ್ತಾರೆ, ಉಳಿದವರು ಸುಮ್ಮನೆ ನಿಂತು ನೋಡ್ತಾರೆ. ನಾವೂ ಎಲ್ಲರ ಹಾಗೆ 'ರಿಟೈರ್ ಆದವರ ಕಾಲಕ್ಷೇಪ' ಅಂದುಕೊಂಡು ಬಸ್ಸಿಗೆ ಓಡ್ತಾ ಇದ್ದವರೇ.

ಒಂದು ಏಪ್ರಿಲ್ ತಿಂಗಳಲ್ಲಿ ಆ ಗೇಟಿಗೆ ಚೀಟಿ ಅಂಟಿಸಿದ್ರು. ಭಾನುವಾರ ಯಾರು ಬೇಕಾದರೂ ಬಂದು ಆಡಿ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಅದರ ಹಿಂದಿನ ಕಾರಣ ಆಮೇಲೆ ಗೊತ್ತಾಯ್ತು. ಹುಲ್ಲಿನ ಖರ್ಚು ಇನ್ನು ಕ್ಲಬ್ಬೇ ನೋಡ್ಕೋಬೇಕು ಅಂತ ಪುರಸಭೆಯವರು ಕೈಬಿಟ್ಟಿದ್ರು. ಸದಸ್ಯರಿಗೆ ವಯಸ್ಸಾಗ್ತಾ ಇತ್ತು, ಹೊಸಬರು ಬರ್ತಾ ಇರಲಿಲ್ಲ. ಇನ್ನೆರಡು ವರ್ಷ ಹೀಗೇ ಹೋದ್ರೆ ಬಾಗಿಲು ಹಾಕಬೇಕು ಅನ್ನೋ ಪರಿಸ್ಥಿತಿ.

ನಾವು ನಾಲ್ಕು ಜನ ಹೋದ್ವಿ. ನಮ್ಮ ಜೊತೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬ ಅಕ್ಕ, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವ ಒಬ್ಬರು, ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಗೆಳೆಯರೊಬ್ಬರು ಇದ್ರು. ಎಲ್ಲರೂ ನಲವತ್ತು ದಾಟಿದವರೇ. ಗೋದಾಮಿನ ಗೆಳೆಯರಿಗೆ ಆ ಚಳಿಗಾಲದಿಂದ ಮಂಡಿನೋವು ಬೇರೆ. ಬರುವಾಗ ದಾರಿಯಲ್ಲಿ ಅವರು ಅಂದಿದ್ದು ಈಗಲೂ ಕಿವಿಯಲ್ಲಿದೆ: "ನಮ್ಮದೇನಿದೆ ಸಾರ್ ಇನ್ನು? ನಮ್ದು ಮುಗೀತು. ಇನ್ನು ಏನಿದ್ರೂ ಮಕ್ಕಳದ್ದು."

ಈ ಮಾತು ನಾವೆಲ್ಲರೂ ಒಂದಲ್ಲ ಒಂದು ದಿನ ಆಡಿದ್ದೀವಿ, ಅಲ್ವಾ? ಊರಲ್ಲಿ ಬಿ.ಕಾಂ. ಮುಗಿಸಿ, ಅಕೌಂಟೆಂಟ್ ಅಂತ ಹೆಸರು ಮಾಡಿ, ಇಲ್ಲಿಗೆ ಬಂದಾಗ ನಮ್ಮನ್ನೂ ಬಿಲ್ ಎಂಟ್ರಿ ಮಾಡೋಕೆ ಕೂರಿಸಿದ್ರು. ಮತ್ತೆ ಒಂದರಿಂದ ಎಣಿಸಬೇಕಾಯ್ತು. ಎಣಿಸುತ್ತಾ ಎಣಿಸುತ್ತಾ ನಲವತ್ತು ದಾಟಿತು. ಹಾಗಾಗಿ ಗೆಳೆಯರ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಬಂದದ್ದು ಕ್ಲಬ್ಬಿನ ಒಬ್ಬ ಹಿರಿಯರಿಂದ. ನಾವು ಭಾರತದವರು ಅಂತ ತಿಳಿದ ಕೂಡಲೇ ಅವರು ಚಹಾ ಕಪ್ ಕೆಳಗಿಟ್ಟು ಕೇಳಿದ್ರು: "ನಮ್ಮ ರಾಬರ್ಟ್ ವೀಲ್ ನಿಮ್ಮ ದೆಹಲಿಯಲ್ಲಿ ಚಿನ್ನ ಗೆದ್ದಿದ್ದು ಗೊತ್ತಾ? ಆಗ ಅವನಿಗೆ ನಲವತ್ತೇಳು ವರ್ಷ." ನಮಗೆ ಗೊತ್ತಿರಲಿಲ್ಲ. ಮನೆಗೆ ಬಂದು ಓದಿದ್ವಿ. ಓದಿದ್ದನ್ನೇ ಇಲ್ಲಿ ಹಂಚಿಕೊಳ್ತಾ ಇದ್ದೀವಿ.

ಆಟ ಏನು ಅಂತ ಮೊದಲು

ಗೋಲಿ ಆಡಿದವರಿಗೆ ಈ ಆಟದ ಮೂಲ ಅರ್ಥ ಆಗೋಕೆ ಒಂದು ನಿಮಿಷ ಸಾಕು. ಮೊದಲು ಒಂದು ಚಿಕ್ಕ ಚೆಂಡನ್ನ ದೂರಕ್ಕೆ ಉರುಳಿಸ್ತಾರೆ. ಅದಕ್ಕೆ ಜ್ಯಾಕ್ ಅಂತ ಹೆಸರು. ಆಮೇಲೆ ಇಬ್ಬರೂ ಸರದಿ ಪ್ರಕಾರ ತಮ್ಮ ದೊಡ್ಡ ಚೆಂಡುಗಳನ್ನ, ಅಂದ್ರೆ ಬೌಲ್‌ಗಳನ್ನ, ಆ ಜ್ಯಾಕ್ ಹತ್ತಿರ ನಿಲ್ಲೋ ಹಾಗೆ ಉರುಳಿಸಬೇಕು. ಸಿಂಗಲ್ಸ್‌ನಲ್ಲಿ ಒಬ್ಬೊಬ್ಬರಿಗೆ ನಾಲ್ಕು ಬೌಲ್. ಎಲ್ಲ ಮುಗಿದ ಮೇಲೆ ಎದುರಾಳಿಯ ಅತ್ಯಂತ ಹತ್ತಿರದ ಬೌಲ್‌ಗಿಂತಲೂ ಹತ್ತಿರ ನಮ್ಮವು ಎಷ್ಟು ಇದೆಯೋ ಅಷ್ಟು ಪಾಯಿಂಟ್. ಅಲ್ಲಿಗೆ ಒಂದು ಸುತ್ತು ಆಯ್ತು. ಮುಂದಿನ ಸುತ್ತು ಆ ಕಡೆಯಿಂದ ಈ ಕಡೆಗೆ. ಹಳೆಯ ಪದ್ಧತಿ ಪ್ರಕಾರ ಸಿಂಗಲ್ಸ್‌ನಲ್ಲಿ ಮೊದಲು 21 ಮುಟ್ಟಿದವರು ಗೆದ್ದ ಹಾಗೆ. ಈಗ ಕೆಲವು ಪಂದ್ಯಗಳನ್ನ ಟೆನಿಸ್ ಹಾಗೆ ಸೆಟ್ ಲೆಕ್ಕದಲ್ಲಿ ಆಡಿಸ್ತಾರೆ.

ಇಷ್ಟೇನಾ ಅಂದ್ರೆ, ಇಷ್ಟೇ ಅಲ್ಲ. ಒಂದೂವರೆ ಕಿಲೋ ಆಸುಪಾಸು ತೂಗುವ ಆ ಬೌಲ್ ಪೂರ್ತಿ ದುಂಡಗೆ ಇರೋದಿಲ್ಲ. ಒಂದು ಪಕ್ಕದ ಆಕಾರ ಸ್ವಲ್ಪ ಬೇರೆ. ಹಾಗಾಗಿ ನೇರಕ್ಕೆ ಬಿಟ್ಟರೂ ನೇರ ಹೋಗೋದಿಲ್ಲ. ವೇಗ ಇರೋವರೆಗೆ ನೇರ ಹೋಗುತ್ತೆ, ವೇಗ ಕಮ್ಮಿ ಆದಂತೆ ಬಾಗ್ತಾ ಬಾಗ್ತಾ ಒಳಗೆ ತಿರುಗುತ್ತೆ. ಆದ್ದರಿಂದ ಜ್ಯಾಕ್ ಕಡೆಗೆ ಗುರಿ ಇಟ್ಟರೆ ಕೆಟ್ಟಿರಿ. ಎಲ್ಲೋ ಹೊರಗೆ, ಏನೂ ಇಲ್ಲದ ಹುಲ್ಲಿನ ಕಡೆಗೆ ಗುರಿ ಇಡಬೇಕು. ಅದು ತಾನಾಗೇ ತಿರುಗಿ ಬರುತ್ತೆ ಅಂತ ನಂಬಬೇಕು. ಯಾವ ಪಕ್ಕಕ್ಕೆ ಬಾಗುತ್ತೆ ಅಂತ ತಿಳಿಯೋಕೆ ಬೌಲ್ ಮೇಲೆ ಒಂದು ಕಡೆ ಚಿಕ್ಕ ಗುರುತು, ಇನ್ನೊಂದು ಕಡೆ ದೊಡ್ಡ ಗುರುತು ಇರುತ್ತೆ. ಮೊದಲ ದಿನ ನಾವು ಅದನ್ನ ಉಲ್ಟಾ ಹಿಡಿದು ಬಿಟ್ವಿ. ಚೆಂಡು ನೆಟ್ಟಗೆ ಪಕ್ಕದವರ ಆಟದೊಳಗೆ ಹೋಗಿ ಕೂತಿತು. ಅವರು ನಕ್ಕು ವಾಪಸ್ ಉರುಳಿಸಿದ್ರು. ಹೊಸಬರೆಲ್ಲ ಹೀಗೆ ಮಾಡ್ತಾರಂತೆ.

ಇನ್ನೊಂದು ವಿಷಯ ಹುಲ್ಲಿನ ವೇಗ. ಬೌಲ್ ಕೈಬಿಟ್ಟ ಜಾಗದಿಂದ 27 ಮೀಟರ್ ದೂರ ಹೋಗಿ ನಿಲ್ಲೋಕೆ ಎಷ್ಟು ಸೆಕೆಂಡ್ ಬೇಕು ಅನ್ನೋದರ ಮೇಲೆ ಅದನ್ನ ಅಳೀತಾರೆ. ಕೇಳೋಕೆ ವಿಚಿತ್ರ, ಹೆಚ್ಚು ಸೆಕೆಂಡ್ ತಗೊಂಡ್ರೆ ಅದು 'ಫಾಸ್ಟ್' ಹುಲ್ಲು. ಯಾಕೆಂದ್ರೆ ಅಲ್ಲಿ ಮೆಲ್ಲಗೆ ಬಿಟ್ಟರೂ ಬೌಲ್ ಜಾರುತ್ತಾ ಅಷ್ಟು ದೂರ ಹೋಗುತ್ತೆ. ಮಳೆಯ ಬ್ರಿಟನ್ನಿನಲ್ಲಿ ಹುಲ್ಲು ಒದ್ದೆ, ಭಾರ. ತಳ್ಳಿ ಬಿಡಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಒಣ ಹುಲ್ಲು. ಅಲ್ಲಿ ಬೆರಳಿನ ಸ್ಪರ್ಶ ಸಾಕು, ಆದರೆ ಬಾಗುವ ದಾರಿ ತುಂಬಾ ಅಗಲ. ಒಂದು ದೇಶದಲ್ಲಿ ಕಲಿತ ಕೈ ಇನ್ನೊಂದು ದೇಶದಲ್ಲಿ ಕೆಲಸಕ್ಕೆ ಬರೋದಿಲ್ಲ, ಮತ್ತೆ ಕಲೀಬೇಕು. ಇದನ್ನ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಡಿ ಊರಿನ ಹುಡುಗ

ರಾಬರ್ಟ್ ವೀಲ್ ಹುಟ್ಟಿದ್ದು 1963ರಲ್ಲಿ. ಊರು ಪ್ರೆಸ್ಟೀನ್. ಪೊವಿಸ್ ಕೌಂಟಿಯಲ್ಲಿ, ವೇಲ್ಸ್ ಮತ್ತು ಇಂಗ್ಲೆಂಡ್ ಗಡಿಯಲ್ಲಿ, ಲಗ್ ಅನ್ನೋ ನದಿಯ ದಡದಲ್ಲಿರೋ ಸಣ್ಣ ಪಟ್ಟಣ. ಹೊಳೆ ದಾಟಿದ್ರೆ ಇಂಗ್ಲೆಂಡ್.

ಇಲ್ಲಿ ಒಂದು ಮಾತು ಹೇಳಬೇಕು. ಒಲಿಂಪಿಕ್ಸ್‌ನಲ್ಲಿ ವೇಲ್ಸ್ ಅನ್ನೋ ತಂಡ ಇಲ್ಲ, ಎಲ್ಲರೂ ಗ್ರೇಟ್ ಬ್ರಿಟನ್ ಹೆಸರಲ್ಲಿ ಆಡಬೇಕು. ಲಾನ್ ಬೌಲ್ಸ್ ಅಂತೂ ಒಲಿಂಪಿಕ್ಸ್‌ನಲ್ಲೇ ಇಲ್ಲ. ಆದರೆ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇಲ್ಸ್ ತನ್ನದೇ ಬಾವುಟ ಹಿಡಿದು ಇಳಿಯುತ್ತೆ. 1930ರಲ್ಲಿ ಶುರುವಾದ ಆ ಕೂಟದಲ್ಲಿ 1966ರ ಒಂದು ಸಲ ಬಿಟ್ಟರೆ ಲಾನ್ ಬೌಲ್ಸ್ ಎಲ್ಲ ಸಲವೂ ಇದೆ. ಹಾಗಾಗಿ ಒಬ್ಬ ವೆಲ್ಷ್ ಬೌಲ್ಸ್ ಆಟಗಾರನಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ಈ ಕೂಟ ಅಂದ್ರೆ ಅದೇ ಅವನ ಒಲಿಂಪಿಕ್ಸ್.

1986ರಲ್ಲಿ ಎಡಿನ್‌ಬರೋದಲ್ಲಿ ಕೂಟ. ವೀಲ್‌ಗೆ 23 ವರ್ಷ. ನಾಲ್ವರು ಸೇರಿ ಆಡುವ ಫೋರ್ಸ್ ವಿಭಾಗದಲ್ಲಿ ಜಿಮ್ ಮಾರ್ಗನ್, ಹಫೋಡ್ ಥಾಮಸ್, ವಿಲ್ ಥಾಮಸ್ ಜೊತೆ ಅವನೂ ಇದ್ದ. ಫೋರ್ಸ್‌ನಲ್ಲಿ ಒಬ್ಬೊಬ್ಬರಿಗೆ ಎರಡೇ ಬೌಲ್. ನಾಯಕ, ಅವನಿಗೆ ಸ್ಕಿಪ್ ಅಂತಾರೆ, ಆಚೆ ತುದಿಯಲ್ಲಿ ನಿಂತು ಯಾರು ಎಲ್ಲಿಗೆ ಬಿಡಬೇಕು ಅಂತ ಕೈಸನ್ನೆ ಮಾಡ್ತಾನೆ. ನಮಗೆ ಸಿಕ್ಕ ಎರಡು ಬೌಲ್‌ನಲ್ಲಿ ಹೇಳಿದ ಕೆಲಸ ಮಾಡಿ ಪಕ್ಕಕ್ಕೆ ನಿಲ್ಲಬೇಕು. ಆ ನಾಲ್ವರೂ ಅದನ್ನ ಸರಿಯಾಗಿ ಮಾಡಿದ್ರು. ವೇಲ್ಸ್‌ಗೆ ಚಿನ್ನ ಬಂತು. ಅದೇ ಕೂಟದಲ್ಲಿ ವೇಲ್ಸ್‌ನ ಹೆಂಗಸರ ಫೋರ್ಸ್ ತಂಡವೂ ಚಿನ್ನ ಗೆದ್ದಿತು.

ಆ ಕೂಟಕ್ಕೆ ಭಾರತ ಬಂದಿರಲಿಲ್ಲ. ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾ ಜೊತೆ ಬ್ರಿಟನ್ನಿನ ಥ್ಯಾಚರ್ ಸರ್ಕಾರ ಸಂಬಂಧ ಕಡಿದುಕೊಳ್ಳಲಿಲ್ಲ ಅಂತ 59ರಲ್ಲಿ 32 ದೇಶ-ಪ್ರದೇಶಗಳು ಆ ಕೂಟವನ್ನ ಬಹಿಷ್ಕರಿಸಿದ್ದವು. ಅವುಗಳಲ್ಲಿ ಭಾರತವೂ ಒಂದು. ಆ ಸಿಟ್ಟು ನ್ಯಾಯವಾದದ್ದೇ. ಹಾಗಂತ ವೀಲ್ ತಂಡದ ಚಿನ್ನಕ್ಕೆ ಕಮ್ಮಿ ಬೆಲೆ ಕಟ್ಟಬೇಕಿಲ್ಲ. ಬೌಲ್ಸ್‌ನಲ್ಲಿ ಬಲವಾದ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್, ಸ್ಕಾಟ್ಲೆಂಡ್ ಎಲ್ಲವೂ ಅಲ್ಲಿದ್ದವು.

ನಡುವಿನ ವರ್ಷಗಳು

23ಕ್ಕೆ ಚಿನ್ನ ಗೆದ್ದವನ ಮುಂದಿನ ಕಥೆ ಸಲೀಸು ಅಂತ ಅನ್ನಿಸಬಹುದು. ಆಗಲಿಲ್ಲ. ಆಕ್ಲೆಂಡ್, ವಿಕ್ಟೋರಿಯಾ, ಕೌಲಾಲಂಪುರ, ಮ್ಯಾಂಚೆಸ್ಟರ್, ಮೆಲ್ಬರ್ನ್ ಅಂತ ಕೂಟಗಳು ಒಂದಾದ ಮೇಲೆ ಒಂದು ಬಂದವು, ಹೋದವು. ಪೋಡಿಯಂ ಹತ್ತಿದ ಸಲವೂ ಉಂಟು. ಆದರೆ ಎರಡನೇ ಚಿನ್ನ ಬರಲಿಲ್ಲ. ಲೆಕ್ಕದವರ ಭಾಷೆಯಲ್ಲಿ ಹೇಳೋದಾದ್ರೆ, ಬಾಕಿಯನ್ನ ಮುಂದಿನ ವರ್ಷಕ್ಕೆ ಎಳೀತಾ ಎಳೀತಾ ಇಡೀ ಪುಸ್ತಕವೇ ಮುಗಿದು ಹೊಸ ಪುಸ್ತಕ ತೆಗೆಯುವ ಹೊತ್ತಾಯ್ತು.

ಈ ಮಧ್ಯೆ ಒಂದು ದೊಡ್ಡ ಗೆಲುವು ಬಂದದ್ದು ಒಳಾಂಗಣದಲ್ಲಿ. ಹೊರಗಿನ ಹುಲ್ಲಿನ ಆಟ ಇಲ್ಲಿ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಚಳಿಗಾಲದಲ್ಲಿ ಒಳಗೆ, ರತ್ನಗಂಬಳಿಯಂಥ ಹಾಸಿನ ಮೇಲೆ ಆಡ್ತಾರೆ. ಗಾಳಿ ಇಲ್ಲ, ಮಳೆ ಇಲ್ಲ, ಹಾಗಾಗಿ ತಪ್ಪಿಗೆ ನೆಪವೂ ಇಲ್ಲ. ಇಂಗ್ಲೆಂಡಿನ ನಾರ್ಫೋಕ್‌ನ ಹಾಪ್ಟನ್-ಆನ್-ಸೀ ಅನ್ನೋ ಕಡಲತೀರದ ಊರಲ್ಲಿ ನಡೆಯುವ ವಿಶ್ವ ಒಳಾಂಗಣ ಚಾಂಪಿಯನ್‌ಶಿಪ್ ಈ ಆಟದ ದೊಡ್ಡ ಜಾತ್ರೆ. 2000ನೇ ಇಸವಿಯಲ್ಲಿ ಅಲ್ಲಿ ಸಿಂಗಲ್ಸ್ ಕಿರೀಟ ವೀಲ್‌ಗೆ ಬಂತು. ಆಗ ವಯಸ್ಸು 36.

ಬೇರೆ ಆಟ ಆಗಿದ್ರೆ 36ಕ್ಕೆ ವಿದಾಯದ ಭಾಷಣ ಬರೆದಿಟ್ಟುಕೊಳ್ಳಬೇಕು. ಬೌಲ್ಸ್‌ನಲ್ಲಿ ಹಾಗಲ್ಲ. ಇಲ್ಲಿ ಓಡಬೇಕಿಲ್ಲ, ಹಾರಬೇಕಿಲ್ಲ. ಬೇಕಾದದ್ದು ದೂರದ ಅಂದಾಜು, ಹುಲ್ಲಿನ ಓದು, ಕೈ ನಡುಗದೇ ಇರುವ ಸಮಾಧಾನ. ಇವು ವಯಸ್ಸಿನ ಜೊತೆ ಬೆಳೆಯುವಂಥವು. ಆದರೆ ಸುಮ್ಮನೆ ಬೆಳೆಯೋದಿಲ್ಲ. ಬಗ್ಗಿ ಬಿಡುವ ಅದೇ ಕೆಲಸವನ್ನ ವರ್ಷಾನುಗಟ್ಟಲೆ, ಯಾರೂ ನೋಡದ ಸಂಜೆಗಳಲ್ಲಿ ಮಾಡ್ತಾ ಇರಬೇಕು. ಸೋತು ಬಂದ ಮೇಲೂ.

ದೆಹಲಿ, 2010

2010ರ ಅಕ್ಟೋಬರ್ 3ರಿಂದ 14ರವರೆಗೆ ದೆಹಲಿಯಲ್ಲಿ ಕಾಮನ್‌ವೆಲ್ತ್ ಕೂಟ. ನಮ್ಮಲ್ಲಿ ಬಹಳ ಜನಕ್ಕೆ ಆ ಕೂಟ ಅಂದ್ರೆ ನೆನಪಾಗೋದು ಹಗರಣದ ಸುದ್ದಿ, ಕೊನೇ ಗಳಿಗೆಯ ಕಾಮಗಾರಿ. ಅದೇ ಕೂಟದಲ್ಲಿ ಜವಾಹರಲಾಲ್ ನೆಹರು ಕ್ರೀಡಾ ಸಂಕೀರ್ಣದಲ್ಲಿ ಬೌಲ್ಸ್‌ಗೆ ಅಂತ ಹುಲ್ಲು ಬೆಳೆಸಿ ಅಂಗಣ ಮಾಡಿದ್ರು ಅನ್ನೋದು ನಮ್ಮ ಗಮನಕ್ಕೇ ಬಂದಿರಲಿಲ್ಲ.

ಅಲ್ಲಿಗೆ 47 ವರ್ಷದ ವೀಲ್ ಬಂದ. ಈ ಸಲ ನಾಲ್ವರ ಜೊತೆ ಅಲ್ಲ, ಸಿಂಗಲ್ಸ್‌ಗೆ. ಕೈಸನ್ನೆ ಮಾಡೋಕೆ ಸ್ಕಿಪ್ ಇಲ್ಲ, ತಪ್ಪಿದ್ರೆ ಸರಿ ಮಾಡೋಕೆ ಹಿಂದೆ ಇನ್ನೊಬ್ಬರಿಲ್ಲ. ನಾಲ್ಕು ಬೌಲ್, ಒಬ್ಬನೇ ಮನುಷ್ಯ. ಫೈನಲ್‌ನಲ್ಲಿ ಎದುರಿಗೆ ಆಸ್ಟ್ರೇಲಿಯಾದ ಲೀಫ್ ಸೆಲ್ಬಿ. ವೀಲ್ ಗೆದ್ದ. ಎಡಿನ್‌ಬರೋ ಚಿನ್ನದ 24 ವರ್ಷ ಆದ ಮೇಲೆ ಕಾಮನ್‌ವೆಲ್ತ್‌ನಲ್ಲಿ ಅವನ ಎರಡನೇ ಚಿನ್ನ.

ದೆಹಲಿಯಿಂದ ವೇಲ್ಸ್ ತಂಡ ಮನೆಗೆ ಒಯ್ದದ್ದು ಒಟ್ಟು ಎರಡೇ ಚಿನ್ನ. ಒಂದು ವೀಲ್‌ದು. ಇನ್ನೊಂದು 400 ಮೀಟರ್ ಹರ್ಡಲ್ಸ್‌ನಲ್ಲಿ ಡೈ ಗ್ರೀನ್‌ದು. ಡೈ ಗ್ರೀನ್ ಹುಟ್ಟಿದ್ದು ಯಾವಾಗ ಗೊತ್ತಾ? 1986ರಲ್ಲಿ, ವೀಲ್ ಮೊದಲ ಚಿನ್ನ ಗೆದ್ದ ವರ್ಷವೇ. ಅಂದ್ರೆ ಆ ವರ್ಷ ಹುಟ್ಟಿದ ಮಗು ಬೆಳೆದು, ಓಡಿ, ಚಿನ್ನ ಗೆಲ್ಲುವಷ್ಟು ಕಾಲ ಈ ಮನುಷ್ಯ ತನ್ನ ಎರಡನೆಯದಕ್ಕೆ ಕಾದ. ಕಾಯುತ್ತಾ ಸುಮ್ಮನೆ ಕೂತಿರಲಿಲ್ಲ, ಆಡ್ತಾ ಇದ್ದ.

ನಾವು ಇದನ್ನ ಗೋದಾಮಿನ ಗೆಳೆಯರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ನಲವತ್ತೇಳು ಅಂದ್ರಾ ಸಾರ್?"

ಅದೇ ದೆಹಲಿಯಿಂದ ಇನ್ನೊಂದು ದಾರಿ

ಕಥೆ ಇಲ್ಲಿಗೆ ನಿಲ್ಲೋದಿಲ್ಲ. ಕಾಮನ್‌ವೆಲ್ತ್ ಕೂಟದ ಬೌಲ್ಸ್‌ನಲ್ಲಿ ಭಾರತ ಮೊದಲ ಸಲ ತಂಡ ಇಳಿಸಿದ್ದೂ ಅದೇ 2010ರಲ್ಲಿ. ಅಲ್ಲಿಂದ 12 ವರ್ಷ ಒಂದು ಪದಕವೂ ಬರಲಿಲ್ಲ. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಬೌಲ್ಸ್ ನಡೆದದ್ದು ಲೆಮಿಂಗ್ಟನ್ ಸ್ಪಾದ ವಿಕ್ಟೋರಿಯಾ ಪಾರ್ಕ್‌ನಲ್ಲಿ. ಅಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ಟಿರ್ಕಿ ಅನ್ನೋ ನಾಲ್ವರು ಹೆಣ್ಣುಮಕ್ಕಳು ಫೋರ್ಸ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡನ್ನ 16-13ರಲ್ಲಿ ಸೋಲಿಸಿದ್ರು. ಆಗಸ್ಟ್ 2ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 17-10ರಲ್ಲಿ ಗೆದ್ದು ಚಿನ್ನ ತಂದ್ರು. ಬೌಲ್ಸ್‌ನಲ್ಲಿ ಭಾರತಕ್ಕೆ ಕಾಮನ್‌ವೆಲ್ತ್‌ನ ಮೊದಲ ಪದಕ ಅದೇ.

ಅವರು ಯಾರು ಅಂತ ನೋಡಿ. ಲವ್ಲಿ ಚೌಬೆ ಆಗ ಜಾರ್ಖಂಡ್ ಪೊಲೀಸ್ ಇಲಾಖೆಯಲ್ಲಿ ಕಾನ್ಸ್‌ಟೇಬಲ್ ಆಗಿದ್ರು, ವಯಸ್ಸು ನಲವತ್ತು ದಾಟಿತ್ತು. ಪಿಂಕಿ ಆಗ ದೆಹಲಿಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ ಆಗಿದ್ರು. ನಯನ್‌ಮೋನಿ ಆಗ ಅಸ್ಸಾಂ ಅರಣ್ಯ ಇಲಾಖೆಯಲ್ಲಿ ನೌಕರಿಯಲ್ಲಿದ್ರು. ರೂಪಾ ರಾಣಿ ಆಗ ಜಾರ್ಖಂಡ್‌ನ ರಾಮಗಢದಲ್ಲಿ ಜಿಲ್ಲಾ ಕ್ರೀಡಾಧಿಕಾರಿ ಆಗಿದ್ರು. ಎಲ್ಲರೂ ಡ್ಯೂಟಿ ಮಾಡ್ತಾ, ರಜೆ ಹೊಂದಿಸ್ತಾ ಆಡಿದವರು. ನಮ್ಮ ಹಾಗೇ ಪಾಳಿ ಲೆಕ್ಕ ಹಾಕುವ ಜನ.

ಅದೇ ಲೆಮಿಂಗ್ಟನ್ ಹುಲ್ಲಿನ ಮೇಲೆ ವೇಲ್ಸ್‌ನ ಡೇನಿಯಲ್ ಸಾಲ್ಮನ್ ಮತ್ತು ಜಾರಡ್ ಬ್ರೀನ್ ಗಂಡಸರ ಪೇರ್ಸ್‌ನಲ್ಲಿ ಚಿನ್ನ ಗೆದ್ರು. ಸಾಲ್ಮನ್ 2018ರಲ್ಲೂ ಗೋಲ್ಡ್ ಕೋಸ್ಟ್‌ನಲ್ಲಿ ಮಾರ್ಕ್ ವ್ಯಾಟ್ ಜೊತೆ ಇದೇ ಚಿನ್ನ ಗೆದ್ದವನು. ವೀಲ್ ಆಡಿದ ವೇಲ್ಸ್ ಜೆರ್ಸಿ ಒಳ್ಳೆಯ ಕೈಗಳಿಗೇ ಹೋಗಿದೆ.

ನಮ್ಮ ಹುಲ್ಲಿನ ಕಥೆ

ಇನ್ನು ನಮ್ಮ ಊರಿನ ಕ್ಲಬ್ ವಿಷಯ. ಆ ಭಾನುವಾರದ ನಂತರ ನಾವು ನಾಲ್ವರೂ ಸದಸ್ಯರಾದ್ವಿ. ನಮ್ಮಲ್ಲಿ ಚೆನ್ನಾಗಿ ಆಡೋರು ನರ್ಸ್ ಅಕ್ಕ. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದರೂ ಕೈ ನಡುಗಲ್ಲ. ಅಡುಗೆಯವರು ಚಹಾ ಸಮಯಕ್ಕೆ ಒಂದು ದಿನ ಮದ್ದೂರು ವಡೆ ತಂದ್ರು. ಆಮೇಲೆ ಅವರು ಆಡೋಕೆ ಬಾರದಿದ್ದ ವಾರ ಎಲ್ಲರೂ ಅವರನ್ನೇ ಕೇಳ್ತಾರೆ, ಅವರನ್ನೋ ವಡೆಯನ್ನೋ ನಮಗೆ ತಿಳೀದು. ಗೋದಾಮಿನ ಗೆಳೆಯರಿಗೆ ಪೂರ್ತಿ ಬಗ್ಗೋಕೆ ಆಗ್ತಿರಲಿಲ್ಲ. ಕ್ಲಬ್ಬಿನವರು ಅವರಿಗೆ ಒಂದು ಉದ್ದ ಹಿಡಿಯ ಸಾಧನ ಕೊಟ್ರು. ಅದರಲ್ಲಿ ಬೌಲ್ ಹಿಡಿದು ನಿಂತಲ್ಲಿಂದಲೇ ಬಿಡಬಹುದು. ಮಂಡಿ ನೋಯುವವರು ಈ ಆಟ ಬಿಡಬೇಕಿಲ್ಲ.

ನಾವು? ನಾವು ಆಟದಲ್ಲಿ ಅಷ್ಟಕ್ಕಷ್ಟೇ. ಕ್ಲಬ್ಬಿನ ಲೆಕ್ಕಪುಸ್ತಕ ನೋಡ್ತೀರಾ ಅಂತ ಕೇಳಿದ್ರು, ಒಪ್ಪಿಕೊಂಡ್ವಿ. ನೋಡಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಬರುವ ದುಡ್ಡು ಸದಸ್ಯತ್ವ ಮತ್ತು ರಾಫಲ್ ಚೀಟಿಯಿಂದ. ಹೋಗುವ ದುಡ್ಡು ಹುಲ್ಲು ಕತ್ತರಿಸೋಕೆ, ಗೊಬ್ಬರಕ್ಕೆ, ನೀರಿಗೆ, ಮೆಷಿನ್ ರಿಪೇರಿಗೆ, ವಿಮೆಗೆ. ಎರಡಕ್ಕೂ ಹೊಂದಾಣಿಕೆ ಇಲ್ಲ. ಪುರಸಭೆ ಜೊತೆ ಲೀಸ್ ಮಾತು ಇನ್ನೂ ನಡೀತಿದೆ. ಈ ಬೇಸಿಗೆ ಆಟ ಇದೆ. ಮುಂದಿನ ಬೇಸಿಗೆ ಇರುತ್ತಾ ಅಂತ ನಾವು ಖಾತ್ರಿ ಕೊಡೋಕಾಗಲ್ಲ. ಸದಸ್ಯರು ಇನ್ನೂ ಹತ್ತು ಜನ ಸೇರಿದ್ರೆ ಒಂದು ವರ್ಷ ಉಸಿರು ಸಿಗುತ್ತೆ ಅನ್ನೋದು ಮಾತ್ರ ನಮ್ಮ ಲೆಕ್ಕ.

ಒಂಬತ್ತು ವರ್ಷ ಈ ಊರಲ್ಲಿ ಇದ್ದೂ ನಮಗೆ ಹೆಸರು ಹಿಡಿದು ಕರೆಯೋ ನೆರೆಯವರು ಇಬ್ಬರೋ ಮೂವರೋ ಇದ್ದರು. ಈಗ ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸೋರು ಮೂವತ್ತು ಜನ. ಹೋದ ತಿಂಗಳು ಗೆಳೆಯರ ಮಗಳಿಗೆ ಹುಷಾರಿಲ್ಲದಾಗ ಮಧ್ಯರಾತ್ರಿ ಆಸ್ಪತ್ರೆಗೆ ಕಾರಲ್ಲಿ ಬಿಟ್ಟವರು, ಮೊದಲ ದಿನ ವೀಲ್ ಕಥೆ ಹೇಳಿದ ಅದೇ ಹಿರಿಯರು. ಇದಕ್ಕೆ ಯಾವ ಕಾಲಮ್ಮಿನಲ್ಲಿ ಬರೆಯಬೇಕು ಅಂತ ನಮಗೆ ಕಲಿಸಿಲ್ಲ.

ನಿಮ್ಮ ಊರಲ್ಲೂ ಇಂಥ ಒಂದು ಹುಲ್ಲು ಇದ್ದೇ ಇರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಗೇಟಿನ ಮೇಲೆ ಚೀಟಿ ಇದೆಯಾ ನೋಡಿ. ಹಿಮ್ಮಡಿ ಇಲ್ಲದ ಚಪ್ಪಟೆ ತಳದ ಶೂ ಹಾಕ್ಕೊಂಡು ಹೋಗಿ, ಇಲ್ಲದಿದ್ರೆ ಹುಲ್ಲಿಗೆ ಕಾಲಿಡೋಕೆ ಬಿಡಲ್ಲ. ಹೊಸಬರಿಗೆ ಬೌಲ್ ಸಾಮಾನ್ಯವಾಗಿ ಕ್ಲಬ್ಬಿನವರೇ ಕೊಡ್ತಾರೆ, ಮೊದಲೇ ಕೊಳ್ಳೋಕೆ ಹೋಗಬೇಡಿ. ಬಿಳಿ ಬಟ್ಟೆ ಪಂದ್ಯಕ್ಕೆ ಮಾತ್ರ. ಚಿಕ್ಕ ಗುರುತು ಯಾವ ಕಡೆ ಇರಬೇಕು ಅಂತ ಕೇಳಿಕೊಂಡು ಬಿಡಿ, ನಮ್ಮ ಹಾಗೆ ಪಕ್ಕದವರ ಆಟ ಕೆಡಿಸಬೇಡಿ.

ಗೋದಾಮಿನ ಗೆಳೆಯರು ಈಗ ರಾತ್ರಿ ಪಾಳಿ ಮುಗಿಸಿ, ನಾಲ್ಕು ಗಂಟೆ ಮಲಗಿ, ಶನಿವಾರ ಮಧ್ಯಾಹ್ನ ನಮಗಿಂತ ಮುಂಚೆ ಅಲ್ಲಿರ್ತಾರೆ. ಅವರಿಗೆ ಈ ವರ್ಷ ನಲವತ್ತಾರು. ಮೊನ್ನೆ ಒಂದು ಬೌಲ್ ಜ್ಯಾಕ್‌ಗೆ ತಾಗಿಯೂ ತಾಗದ ಹಾಗೆ ನಿಲ್ಲಿಸಿ, ತಿರುಗಿ ನೋಡಿ ಅಂದ್ರು: "ಇನ್ನೂ ಒಂದು ವರ್ಷ ಟೈಮ್ ಇದೆ ಸಾರ್ ನಮಗೆ."